ಸೋತ ಸುದ್ದಿ ಯಾರಿಗೆ ಹೇಳೋಣ?

ಕ್ರಿಕೆಟ್‌ನಲ್ಲಿ ಭಾರತ ಸೋತರೆ ತುಮಕೂರಿನಲ್ಲಿ ಯಾರೂ ಯಾರಿಗೂ ಸುದ್ದಿ ಮುಟ್ಟಿಸಬೇಕಾಗಿಲ್ಲ. 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ಆಸ್ಟ್ರೇಲಿಯಾದವರು ವಿಶ್ವಕಪ್ ಎತ್ತಿಕೊಂಡು ಹೋದರಲ್ಲ, ಮಾರನೇ ದಿನ ಬೆಳಿಗ್ಗೆ ನಂದಿನಿ ಬೂತಿನ ಮುಂದೆ ನಿಂತವರ ಮುಖ ನೋಡಿದರೇ ಸಾಕಿತ್ತು. ಹಾಲು ಕೊಡುವವನಿಗೂ ಬೇಜಾರು, ತಗೊಳ್ಳುವವರಿಗೂ ಬೇಜಾರು. ಎರಡು ರೂಪಾಯಿ ಚಿಲ್ಲರೆ ಇಲ್ಲ ಅಂದರೂ ಯಾರೂ ಜಗಳ ಆಡಲಿಲ್ಲ. ಟಾಸ್ ಹೋಯ್ತು, ಪಿಚ್ ಸರಿ ಇರಲಿಲ್ಲ, ಆ ಟ್ರಾವಿಸ್ ಹೆಡ್ಡು ಎಲ್ಲಿದ್ನಪ್ಪಾ ಅಂತ ಬಿ.ಎಚ್. ರಸ್ತೆ ಉದ್ದಕ್ಕೂ ಅದೇ ಮಾತು. ದುಃಖವೇನೋ ದೊಡ್ಡದೇ. ಆದರೆ ಊರಿಗೆಲ್ಲ ಹಂಚಿ ತಲೆಗೆ ಇಷ್ಟಿಷ್ಟು ಬಂದಿತ್ತು.

ಫುಟ್‌ಬಾಲ್ ಅಭಿಮಾನಿಗೆ ಈ ಅನುಕೂಲ ಇಲ್ಲ. ಬಂದಷ್ಟನ್ನೂ ಅವನೊಬ್ಬನೇ ತಿನ್ನಬೇಕು.

2025ರ ಅಕ್ಟೋಬರ್ 14, ಮಂಗಳವಾರ. ದೀಪಾವಳಿಗೆ ಇನ್ನೊಂದು ವಾರ ಇತ್ತು. ಗೋವಾದ ಮಡಗಾಂವ್‌ನಲ್ಲಿ ನಮ್ಮವರು ಸಿಂಗಪುರದ ಎದುರು ಆಡಿದರು. 2027ರಲ್ಲಿ ಸೌದಿ ಅರೇಬಿಯಾದಲ್ಲಿ ನಡೆಯುವ ಏಷ್ಯಾ ಕಪ್‌ಗೆ ಹೋಗಬೇಕು ಅಂದರೆ ಈ ಪಂದ್ಯ ಗೆಲ್ಲಲೇಬೇಕು. ಹದಿನಾಲ್ಕನೇ ನಿಮಿಷಕ್ಕೆ ನಮ್ಮ ಛಾಂಗ್ಟೆ ದೂರದಿಂದ ಬೀಸಿ ಒದ್ದ ಚೆಂಡು ಸೀದಾ ಬಲೆಗೆ ಹೋಯಿತು. ನಾನು ಕೂಗಿದೆ. ಅಡುಗೆ ಮನೆಯಿಂದ, "ಏನ್ರೀ ಅದು? ಕುಕ್ಕರ್ ಎಷ್ಟು ಸಲ ಕೂಗ್ತು ಅನ್ನೋದೇ ತಪ್ಪೋಯ್ತು" ಅಂತ ಮಾತು ಬಂತು. ಆಮೇಲೆ ಕೂಗುವ ಸಂದರ್ಭ ಬರಲಿಲ್ಲ. ಅರ್ಧ ಆಟ ಮುಗಿಯುವ ಹೊತ್ತಿಗೆ ಸಿಂಗಪುರದ ಸಾಂಗ್ ಉಯ್‌-ಯಂಗ್ ಸಮ ಮಾಡಿದ. ಬಿಡುವು ಮುಗಿಸಿ ಬಂದು ಅವನೇ ಇನ್ನೊಂದು ಹೊಡೆದ. 1-2.

ಇಷ್ಟಾದ ಮೇಲೂ ಅಭಿಮಾನಿ ಟಿವಿ ಆರಿಸಿ ಮಲಗುವುದಿಲ್ಲ. ಪೆನ್ನು ಹುಡುಕುತ್ತಾನೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಹರಕೆ ಹೊತ್ತು ಪಾಸಾದವನೂ ಇಂಥ ರಾತ್ರಿ ಪಾಯಿಂಟು, ಗೋಲು, ಗೋಲಿನ ಅಂತರ ಅಂತ ಲೆಕ್ಕಕ್ಕೆ ಕೂರುತ್ತಾನೆ. ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ಜೊತೆ 0-0. ಹಾಂಗ್‌ಕಾಂಗ್‌ಗೆ ಹೋಗಿ 0-1. ಸಿಂಗಪುರಕ್ಕೆ ಹೋಗಿ 1-1. ಈಗ ಇದು. ನಾಲ್ಕು ಪಂದ್ಯಕ್ಕೆ ಎರಡು ಪಾಯಿಂಟ್. ಉಳಿದ ಎರಡೂ ಗೆದ್ದರೆ ಎಂಟು. ಸಿಂಗಪುರಕ್ಕೆ ಆಗಲೇ ಎಂಟಾಗಿದೆ, ಹಾಂಗ್‌ಕಾಂಗ್‌ಗೂ ಎಂಟಾಗಿದೆ. ಅವರಿಬ್ಬರೂ ಇನ್ನೊಂದು ಸಲ ಎದುರಾಗಬೇಕು. ಗೆಲ್ಲಲಿ, ಡ್ರಾ ಮಾಡಿಕೊಳ್ಳಲಿ, ಯಾರಾದರೊಬ್ಬರು ಒಂಬತ್ತಂತೂ ಮುಟ್ಟೇ ಮುಟ್ಟುತ್ತಾರೆ. ಗುಂಪಿನಲ್ಲಿ ಮೊದಲು ಬಂದವರಿಗೆ ಮಾತ್ರ ಸೌದಿಗೆ ಟಿಕೆಟ್. ಅಲ್ಲಿಗೆ ಮುಗೀತು. ಆದರೂ ಅವರಿಬ್ಬರ ಪಂದ್ಯದ ದಿನ ಜೋರು ಮಳೆ ಬಂದರೆ ಏನಾಗುತ್ತೆ ಅಂತ ಒಂದು ಯೋಚನೆ ಬಂದೇ ಬರುತ್ತೆ. ಏನೂ ಆಗಲ್ಲ, ಇನ್ನೊಂದು ದಿನ ಆಡಿಸುತ್ತಾರೆ.

ಮಾರನೇ ದಿನ ಬೆಳಗಿನ ಬೆಂಗಳೂರು ರೈಲು. ತುಮಕೂರಿನಿಂದ ದಿನಾ ಓಡಾಡುವವರಿಗೆ ಗೊತ್ತು, ಪ್ರತಿ ಬೋಗಿಯಲ್ಲೂ ಒಂದೊಂದು ತಂಡ ಇರುತ್ತದೆ. ಸೀಟು ಹಿಡಿಯೋನು ಒಬ್ಬ, ಇಸ್ಪೀಟ್ ಎಲೆ ತರೋನು ಒಬ್ಬ, ಮನೆಯಿಂದ ಚಿತ್ರಾನ್ನ ತಂದು ಎಲ್ಲರಿಗೂ ಹಂಚೋರು ಒಬ್ಬರು. ನಾಲ್ಕು ಜನರ ಮೊಣಕಾಲ ಮೇಲೆ ಪೇಪರ್ ಹಾಸಿದರೆ ಅದೇ ಟೇಬಲ್. ಕ್ಯಾತ್ಸಂದ್ರ ಬರುವ ಮುಂಚೆ ನಾನು ಬಾಯಿಬಿಟ್ಟೆ.

"ನಿನ್ನೆ ಸೋತ್ಬಿಟ್ವಲ್ರೀ."

"ಯಾರು? ನಿನ್ನೆ ಗೆದ್ವಲ್ಲ ಸಾರ್! ಡೆಲ್ಲೀಲಿ, ವೆಸ್ಟ್ ಇಂಡೀಸ್ ಮೇಲೆ, ಏಳು ವಿಕೆಟ್!"

ಅವನು ಹೇಳಿದ್ದೂ ನಿಜವೇ. ಅದೇ ಮಂಗಳವಾರ ಬೆಳಿಗ್ಗೆ ದೆಹಲಿಯಲ್ಲಿ ಟೆಸ್ಟ್ ಗೆದ್ದು ಸರಣಿಯನ್ನೂ 2-0 ಮಾಡಿದ್ದರು. ಒಂದೇ ದಿನ ದೇಶ ಬೆಳಿಗ್ಗೆ ಗೆದ್ದು ರಾತ್ರಿ ಸೋತಿತ್ತು. ನಾನು ರಾತ್ರಿಯ ಗಿರಾಕಿ.

"ಕ್ರಿಕೆಟ್ ಅಲ್ಲ ಕಣಪ್ಪ, ಫುಟ್‌ಬಾಲು."

"ಓ, ಅದಾ" ಅಂದು ಎಲೆ ಹಾಕಿದ. ಇನ್ನೊಬ್ಬ ತಲೆ ಎತ್ತದೆ, "ಅದ್ರಲ್ಲಿ ನಾವು ಗೆಲ್ಲೋದು ಯಾವಾಗ?" ಅಂದ. ಕಿಟಕಿ ಪಕ್ಕದ ಮೇಷ್ಟ್ರು ಮಾತ್ರ ಪೇಪರ್ ಮಡಚಿ ನನ್ನ ಕಡೆ ತಿರುಗಿದರು. ಅಂತೂ ಒಬ್ಬರು ಸಿಕ್ಕರು ಅಂದುಕೊಂಡೆ. "ಅಲ್ರೀ, ನೂರಾ ನಲವತ್ತು ಕೋಟಿ ಜನ. ಹನ್ನೊಂದು ಜನ ಸಿಗಲ್ವಾ?" ಅಂದರು. ಹಿರೇಹಳ್ಳಿ ಬಂತು, ಒಂದಷ್ಟು ಜನ ಹತ್ತಿದರು, ಸೀಟಿನ ಗಲಾಟೆ ಶುರುವಾಯಿತು. ಭಾರತದ ಫುಟ್‌ಬಾಲಿನ ಚರ್ಚೆ ಅಲ್ಲಿಗೆ ಮುಗಿಯಿತು.

ಈ ನೂರಾ ನಲವತ್ತು ಕೋಟಿಯ ಮಾತು ಕೇಳಿದರೆ ನನಗೆ ಮೈ ಉರಿಯುತ್ತೆ. ಜನಸಂಖ್ಯೆ ಎದ್ದು ಬಂದು ಚೆಂಡು ಒದೆಯುತ್ತಾ? ಸಿಂಗಪುರದ ಜನ ಎಲ್ಲ ಸೇರಿದರೂ ನಮ್ಮ ತುಮಕೂರು ಜಿಲ್ಲೆಯಂಥ ಎರಡು ಜಿಲ್ಲೆ ಚಿಲ್ಲರೆ. ಸಿಂಗಪುರ ಪಂದ್ಯದ ಹಿಂದಿನ ದಿನ, ಅಕ್ಟೋಬರ್ 13ಕ್ಕೆ, ಕೇಪ್ ವರ್ಡೆ ಅನ್ನುವ ಐದು ಲಕ್ಷ ಚಿಲ್ಲರೆ ಜನರ ದೇಶ ವಿಶ್ವಕಪ್‌ಗೇ ಅರ್ಹತೆ ಪಡೆಯಿತು. ಮುಂದಿನ ತಿಂಗಳು ಕ್ಯುರಸಾವ್ ಅನ್ನುವ ಪುಟ್ಟ ದ್ವೀಪ ಅದನ್ನೂ ಮೀರಿಸಿತು. ಅಲ್ಲಿ ಇರೋದೇ ಒಂದೂವರೆ ಲಕ್ಷ ಜನ. ತುಮಕೂರು ನಗರದಲ್ಲಿ 2011ರ ಜನಗಣತಿಯಲ್ಲೇ ಮೂರು ಲಕ್ಷ ಇದ್ದೆವು. ಅವರದೂ ಬರೀ ಪವಾಡ ಅಲ್ಲ ಬಿಡಿ. ಯುರೋಪಿನಲ್ಲಿ ಹುಟ್ಟಿ, ಅಲ್ಲಿನ ಕ್ಲಬ್ಬುಗಳಲ್ಲಿ ಪಳಗಿದ ತಮ್ಮವರ ಮಕ್ಕಳನ್ನು ಕರೆಸಿ ಆಡಿಸಿದರು. ನಮ್ಮಲ್ಲಿ ಎರಡು ದೇಶದ ಪೌರತ್ವ ಇಟ್ಟುಕೊಳ್ಳುವ ಹಾಗಿಲ್ಲ, ಹಾಗಾಗಿ ಆ ದಾರಿ ಕಷ್ಟ. ಇದನ್ನೆಲ್ಲ ಮೇಷ್ಟ್ರಿಗೆ ಹೇಳಬೇಕು ಅಂತ ನಿಡವಂದದವರೆಗೂ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಅಷ್ಟರಲ್ಲಿ ಮೇಷ್ಟ್ರು ನಿದ್ದೆ ಹೋಗಿದ್ದರು.

ಹಳಬರು ಸಿಕ್ಕರೆ ಇನ್ನೊಂದು ಕಥೆ ಹೇಳುತ್ತಾರೆ. ಬೂಟು ಹಾಕಿಕೊಳ್ಳಲು ಬಿಡಲಿಲ್ಲ, ಸಾರಿ, ಬೂಟಿಲ್ಲದೆ ಆಡಲು ಬಿಡಲಿಲ್ಲ ಅಂತ 1950ರ ವಿಶ್ವಕಪ್ ಬಿಟ್ಟು ಬಂದ್ವಂತೆ. ಕೇಳೋಕೆ ಚೆನ್ನಾಗಿದೆ, ಅಷ್ಟೇ. ಆಗಿನವರಿಗೆ ವಿಶ್ವಕಪ್ಪಿಗಿಂತ ಒಲಿಂಪಿಕ್ಸೇ ದೊಡ್ಡದಾಗಿ ಕಂಡಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹಳಷ್ಟು ಜನ ಬರಿಗಾಲಲ್ಲೇ ಆಡಿ, ಎರಡು ಪೆನಾಲ್ಟಿ ಕೈಬಿಟ್ಟು, ಫ್ರಾನ್ಸ್‌ಗೆ 1-2ರಲ್ಲಿ ಸೋತಿದ್ದರು. ನಮ್ಮ ಆ ಒಂದು ಗೋಲು ಬೆಂಗಳೂರಿನ ಎಸ್. ರಾಮನ್ ಅವರದು. 1956ರ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನ, 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ. ಇವನ್ನೆಲ್ಲ ಬಾಯಿಪಾಠ ಮಾಡಿಟ್ಟುಕೊಂಡಿದ್ದೇನೆ. ಉಪಯೋಗಕ್ಕೆ ಬರುವುದು ಕಡಿಮೆ.

ಸೋಲಿನಲ್ಲೂ ಒಳ್ಳೆ ಸೋಲು ಅಂತ ಒಂದಿರುತ್ತೆ. ಬೈಯಲು ಯಾರಾದರೂ ಸಿಗುವ ಸೋಲು. 2024ರ ಜೂನ್ 11ರಂದು ದೋಹಾದಲ್ಲಿ ಆದದ್ದು ಅಂಥದ್ದು. ಕತಾರ್ ಮೇಲೆ 1-0 ಮುಂದಿದ್ದೆವು. ಗೆದ್ದರೆ ವಿಶ್ವಕಪ್ ಅರ್ಹತೆಯ ಮೂರನೇ ಸುತ್ತು, ಭಾರತ ಯಾವತ್ತೂ ಕಾಣದ ಜಾಗ. ಚೆಂಡು ಗೋಲು ಕಂಬದ ಪಕ್ಕದಲ್ಲಿ ಗೆರೆ ದಾಟಿ ಹೊರಗೆ ಹೋಯಿತು. ನಮ್ಮ ಗೋಲ್‌ಕೀಪರ್ ಗುರುಪ್ರೀತ್ ಆಟ ನಿಂತಿತು ಅಂದುಕೊಂಡ. ಕತಾರಿನವನೊಬ್ಬ ಅದನ್ನು ಕಾಲಲ್ಲಿ ಒಳಗೆಳೆದ, ಇನ್ನೊಬ್ಬ ಬಲೆಗೆ ಹಾಕಿದ. ರೆಫ್ರಿ ಗೋಲು ಅಂದ! ವಿಡಿಯೊ ನೋಡಿ ತೀರ್ಪು ತಿದ್ದುವ ವಿಎಆರ್ ಇರಲಿಲ್ಲ. ಆಮೇಲೆ ಇನ್ನೊಂದು ಬಿಟ್ಟುಕೊಟ್ಟು 1-2. ಆ ರಾತ್ರಿ ನಮ್ಮಂಥವರು ಆ ಗೆರೆಯನ್ನು ಎಷ್ಟು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದೆವೋ. ಮೊಬೈಲ್ ಪರದೆ ಮೇಲೆ ಬೆರಳಿಟ್ಟು ಹಿಗ್ಗಿಸಿ, ಹುಲ್ಲು ಇಲ್ಲಿದೆ, ಸುಣ್ಣ ಇಲ್ಲಿದೆ, ಚೆಂಡು ಅಲ್ಲಿದೆ ಅಂತ ಸರ್ವೆಯವರು ಹದ್ದುಬಸ್ತು ಮಾಡಿದ ಹಾಗೆ ನೋಡಿದೆವು.

ಅದಕ್ಕೆ ಐದು ದಿನ ಮುಂಚೆ ಕೋಲ್ಕತ್ತಾದಲ್ಲಿ ಕುವೈತ್ ಮೇಲೆ ಗೆಲ್ಲಬೇಕಿತ್ತು. ಅದು ನಾಯಕ ಸುನಿಲ್ ಛೆಟ್ರಿ ಆಗ ವಿದಾಯ ಅಂತ ಆಡಿದ ಪಂದ್ಯ. 0-0 ಆಯಿತು. ಅಲ್ಲಿ ಒಂದೇ ಒಂದು ಗೋಲು ಹೊಡೆದಿದ್ದರೆ ದೋಹಾದ ಪಾಡು ಅಷ್ಟು ಕಷ್ಟ ಆಗುತ್ತಿರಲಿಲ್ಲ. ಇದು ಎಲ್ಲ ಅಭಿಮಾನಿಗಳಿಗೂ ಗೊತ್ತು. ಆದರೆ ಯಾರೂ ಅದನ್ನೆತ್ತುವುದಿಲ್ಲ. ಛೆಟ್ರಿ ಅಳುತ್ತಾ ಹೊರಗೆ ನಡೆದಿದ್ದನ್ನು ನೋಡಿದ ಮೇಲೆ ಬೈಯೋದು ಹೇಗೆ? ರೆಫ್ರಿ ಆದರೆ ನಮ್ಮವನಲ್ಲ, ಎಷ್ಟು ಬೈದರೂ ನಡೆಯುತ್ತೆ. ಸಿಂಗಪುರದ ಪಂದ್ಯದಲ್ಲಿ ಆ ಭಾಗ್ಯವೂ ಸಿಗಲಿಲ್ಲ. ಅವರು ಎರಡು ಹೊಡೆದರು, ನಾವು ಒಂದು. ಯಾರ ಮೇಲೆ ತಪ್ಪು ಹೊರಿಸೋದು?

ಪಕ್ಕದ ಮನೆ ಹುಡುಗನ ದುಃಖ ನೋಡಿದ್ದರಿಂದ ನನ್ನದು ಇನ್ನೂ ಬಡಕಲಾಗಿ ಕಾಣುತ್ತೆ. ಅವನು ಬ್ರೆಜಿಲ್ ಕಡೆಯವನು. ಡಿಪ್ಲೊಮಾ ಓದುತ್ತಿದ್ದ. 2022ರ ಡಿಸೆಂಬರ್ 9ರ ರಾತ್ರಿ ವಿಶ್ವಕಪ್ ಕ್ವಾರ್ಟರ್ ಫೈನಲ್. ಹೆಚ್ಚುವರಿ ಸಮಯದಲ್ಲಿ ನೇಮರ್ ಗೋಲು ಹೊಡೆದಾಗ ನಮ್ಮ ಬೀದಿ ನಾಯಿಗಳೆಲ್ಲ ಎದ್ದು ಬೊಗಳುವ ಹಾಗೆ ಅರಚಿದ. ಮುಗಿಯಲು ಮೂರೇ ನಿಮಿಷ ಇದ್ದಾಗ ಕ್ರೊಯೇಷಿಯಾ ಸಮ ಮಾಡಿತು. ಪೆನಾಲ್ಟಿಯಲ್ಲಿ 2-4. ಹಳದಿ ಅಂಗಿ, ಬೆನ್ನ ಮೇಲೆ ಹತ್ತನೇ ನಂಬರು, ಮುಖ ದಿಂಬಿನೊಳಗೆ. ಅವನಮ್ಮ ಬಾಗಿಲಲ್ಲಿ ನಿಂತು, "ಬ್ರೆಜಿಲ್ ಏನು ನಿನ್ ಮಾವನ ಮನೆಯೇನ್ಲಾ? ಎದ್ದು ಮುದ್ದೆ ಉಣ್ಣು, ಆರೋಗುತ್ತೆ" ಅಂದರು. ಏಳಲಿಲ್ಲ. ಹನ್ನೆರಡಕ್ಕೆ ಅವನ ಗೆಳೆಯರು ಎರಡು ಬೈಕಿನಲ್ಲಿ ಬಂದರು. ಎಲ್ಲರೂ ಅರ್ಜೆಂಟೀನಾದವರು. ಸಮಾಧಾನ ಮಾಡಿದರೋ ಆಡಿಕೊಂಡರೋ, ಅಂತೂ ಅವನನ್ನು ಎಬ್ಬಿಸಿ ಕೂರಿಸಿಕೊಂಡು ಅವರ ಪಂದ್ಯ ನೋಡಿದರು. ಅರ್ಜೆಂಟೀನಾ ಸೋಲಲಿ ಅನ್ನೋ ಒಂದೇ ಆಸೆಯಿಂದ ಅವನೂ ನೋಡಿದ. ನೆದರ್ಲೆಂಡ್ಸ್ ಕೊನೇ ಗಳಿಗೆಯಲ್ಲಿ 2-2 ಮಾಡಿದಾಗ ಅವನ ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತಂತೆ. ಪೆನಾಲ್ಟಿಯಲ್ಲಿ ಅರ್ಜೆಂಟೀನಾನೇ ಗೆದ್ದಿತು. ಒಂದೇ ರಾತ್ರಿ ಎರಡು ಸಲ ಸೋತ ಹುಡುಗ.

ಬೆಳಿಗ್ಗೆ ಬೀದಿಯವರೆಲ್ಲ ಅವನನ್ನು ಮಾತಾಡಿಸಿದರು. ಇಸ್ತ್ರಿಯವನು, "ಹೋಗ್ಲಿ ಬಿಡಪ್ಪ, ನಾಲ್ಕು ವರ್ಷಕ್ಕೆ ಮತ್ತೆ ಬರುತ್ತೆ" ಅಂದ. ಎದುರು ಮನೆ ಅಜ್ಜಿ, ಹುಡುಗನಿಗೆ ಪರೀಕ್ಷೆ ಹೋಗಿದೆ ಅಂದುಕೊಂಡು ಬಾಳೆಹಣ್ಣು ಕೊಟ್ಟರು. ಅವನನ್ನು ನೋಡಿ ನಗುವವರು ತುಂಬಾ ಜನ ಇದ್ದಾರೆ. ಕಂಡು ಕೇಳದ ದೇಶಕ್ಕೆ ಅಳ್ತಾನಲ್ಲ ಅಂತ. ನನಗೆ ನಗು ಬರಲ್ಲ. ಅವನಪ್ಪನ ಕಾಲದವರು 1986ರಲ್ಲಿ ದೂರದರ್ಶನದಲ್ಲಿ ಮರಡೋನಾನನ್ನು ನೋಡಿ ಅರ್ಜೆಂಟೀನಾ ಹಿಡಿದರು. ಇವನು ನೇಮರ್ ನೋಡಿ ಬ್ರೆಜಿಲ್ ಹಿಡಿದ. ಚೆನ್ನಾಗಿ ಆಡುವವರನ್ನು ಮೆಚ್ಚೋದರಲ್ಲಿ ತಪ್ಪೇನು? ನನ್ನ ಹೊಟ್ಟೆಕಿಚ್ಚು ಬೇರೆ. ಆ ಬಾಳೆಹಣ್ಣು ಇದೆಯಲ್ಲ, ಅದು.

ಅಂದಹಾಗೆ ಆ ಹಳದಿ ಅಂಗಿ ಹುಟ್ಟಿದ್ದೇ ಒಂದು ಸೋಲಿನಿಂದ. 1950ರಲ್ಲಿ ಬ್ರೆಜಿಲ್ ತನ್ನ ನೆಲದಲ್ಲೇ, ಮರಕಾನಾದಲ್ಲಿ, ಉರುಗ್ವೆಗೆ 1-2ರಲ್ಲಿ ಸೋತು ಕಪ್ ಕಳೆದುಕೊಂಡಿತು. ಆಗ ಅವರದು ಬಿಳಿ ಅಂಗಿ. ಜನ ಗೋಲ್‌ಕೀಪರ್ ಬಾರ್ಬೋಸಾನನ್ನು ಸಾಯುವವರೆಗೂ ಕ್ಷಮಿಸಲಿಲ್ಲ. ಸಿಟ್ಟು ಅಂಗಿಯ ಮೇಲೂ ಹೋಯಿತು. ಬಿಳಿ ಬೇಡ ಅಂತ ಪತ್ರಿಕೆಯೊಂದು ಸ್ಪರ್ಧೆ ಇಟ್ಟು, ಆಲ್ದಿರ್ ಶ್ಲೀ ಅನ್ನುವ ಹುಡುಗ ಬರೆದು ಕಳಿಸಿದ ಹಳದಿ ಅಂಗಿ, ನೀಲಿ ಚಡ್ಡಿಯನ್ನು ಆರಿಸಿಕೊಂಡಿತು. ಪಾಪ, ಬಾರ್ಬೋಸಾನಿಗೆ ಮಾಡಿದ್ದು ಅನ್ಯಾಯ. ಆದರೆ ಸೋತ ಮೇಲೆ ದೇಶಕ್ಕೆ ದೇಶವೇ ಅಂಗಿ ಬದಲಾಯಿಸುವಷ್ಟು ತಲೆ ಕೆಡಿಸಿಕೊಂಡಿತಲ್ಲ! ನಮ್ಮಲ್ಲಿ ಗೆದ್ದರೂ ತಲೆ ಕೆಡಲ್ಲ. 2023ರ ಮಾರ್ಚ್‌ನಲ್ಲಿ ಕರ್ನಾಟಕ 54 ವರ್ಷದ ಮೇಲೆ ರಾಜ್ಯ ತಂಡಗಳ ಫುಟ್‌ಬಾಲ್ ಕಪ್ಪಾದ ಸಂತೋಷ್ ಟ್ರೋಫಿ ಗೆದ್ದಿತು. ಅದೂ ರಿಯಾದ್‌ನಲ್ಲಿ, ಮೇಘಾಲಯದ ಮೇಲೆ, 3-2. ನಮ್ಮ ಬೋಗಿಯಲ್ಲಿ ಹೇಳಿದಾಗ, "ಸಂತೋಷ್ ಯಾರು?" ಅಂತ ಕೇಳಿದರು.

2025ರ ನವೆಂಬರ್ 18ಕ್ಕೆ ಢಾಕಾದಲ್ಲಿ ಬಾಂಗ್ಲಾದೇಶಕ್ಕೂ 0-1ರಲ್ಲಿ ಸೋತೆವು. ಅವರ ಎದುರು 22 ವರ್ಷದಲ್ಲಿ ಮೊದಲ ಸೋಲು. ಅದೇ ದಿನ ಹಾಂಗ್‌ಕಾಂಗ್‌ನಲ್ಲಿ ಸಿಂಗಪುರ ಗೆದ್ದು ಏಷ್ಯಾ ಕಪ್‌ಗೆ ಹೋಯಿತು. ಮಳೆ ಬರಲಿಲ್ಲ. ಈ ಸಲ ರೈಲಿನಲ್ಲಿ ಯಾರಿಗೂ ಹೇಳಲಿಲ್ಲ. ಅದರ ಬದಲು ಸಂಜೆ ಇಳಿದವನೇ ಎಂ.ಜಿ. ರಸ್ತೆಯ ಅಂಗಡಿಗೆ ಹೋದೆ. ಬಾಯಲ್ಲಿ ಹೇಳಿದರೆ ಯಾರೂ ಕೇಳಲ್ಲ, ಮೈಮೇಲಾದರೂ ಹಾಕಿಕೊಂಡು ಓಡಾಡೋಣ ಅಂತ.

"ಇಂಡಿಯಾ ಜೆರ್ಸಿ ಇದೆಯಾ?"

ಒಂದು ರಾಶಿ ತಂದು ಹಾಕಿದ. ಎಲ್ಲದರ ಮೇಲೂ 18, ಇಲ್ಲ 45.

"ಇದಲ್ಲಪ್ಪ. ಫುಟ್‌ಬಾಲ್‌ದು."

"ಹಂಗ್ ಹೇಳಿ ಅಣ್ಣ" ಅಂದು ಮೆಸ್ಸಿ, ರೊನಾಲ್ಡೊ, ನೇಮರ್, ಎಂಬಾಪೆ ಎಲ್ಲರನ್ನೂ ತೆಗೆದು ಗಾಜಿನ ಮೇಲೆ ಹರಡಿದ.

"ಇಂಡಿಯಾದ ಫುಟ್‌ಬಾಲ್‌ದು ಬೇಕಪ್ಪ."

ಅವನು ಒಂದು ಸಲ ನನ್ನನ್ನು ನೋಡಿದ, ಒಂದು ಸಲ ಒಳಗಿದ್ದ ಓನರ್ ಕಡೆ ನೋಡಿದ. ಓನರ್ ಇಲ್ಲ ಅಂತ ತಲೆ ಆಡಿಸಿದರು. ಹುಡುಗ ಬಿಡಲಿಲ್ಲ. ವ್ಯಾಪಾರ ಗೊತ್ತಿದ್ದವನು. ಮೊದಲ ರಾಶಿಯಿಂದಲೇ ಒಂದನ್ನು ಎಳೆದು, ನನ್ನ ಭುಜಕ್ಕೆ ಹಿಡಿದು ಅಳತೆ ನೋಡಿ, "ಇದನ್ನೇ ತಗೊಳ್ಳಿ ಅಣ್ಣ. ಅದೂ ನೀಲಿನೇ, ಇದೂ ನೀಲಿನೇ. ಹಿಂದೆ ಕೊಹ್ಲಿ ಅಂತ ಇದ್ರೆ ಇರ್ಲಿ, ಮುಂದೆ ಇಂಡಿಯಾ ಅಂತಾನೇ ಐತಲ್ಲ. ನೀವು ಮುಂದ್ಗಡೆ ಇಂದಾನೇ ತಾನೇ ಫುಟ್‌ಬಾಲ್ ಆಡೋದು?" ಅಂದ.