ಸಿಂಕ್ ಇದ್ದಲ್ಲೇ ಇರಲಿ, ದಯವಿಟ್ಟು

ಹಳೇ ಅಡುಗೆಮನೆ ಹೊಸದು ಮಾಡೋಕೆ ಡಿಸೈನರ್ ಕೊಟ್ಟ ಇನ್ನೊಂದು ಥ್ರೀಡಿ ಡ್ರಾಯಿಂಗ್ ಈಗಷ್ಟೇ ನೋಡಿ ತಲೆ ಕೆಟ್ಟಿದೆ. ಎಂಟಡಿ ಅಗಲದ ಕೋಣೆ, ಮೊದಲ ಮಹಡಿ, ಕಡಪ ಕಲ್ಲಿನ ಕಟ್ಟೆ. ಡ್ರಾಯಿಂಗಲ್ಲಿ ಮೂಲೆಯ ಸಿಂಕ್ ಏಳಡಿ ಆಚೆ ಕಿಟಕಿ ಕೆಳಗೆ ಹೋಗಿ ಕೂತಿದೆ, ಪಕ್ಕದಲ್ಲಿ ಪುದೀನ ಕುಂಡ ಬೇರೆ. ಮುಸುರೆ ನೀರು ಎಲ್ಲಿಂದ ಆಚೆ ಹೋಗುತ್ತೆ? ಅದನ್ನು ಬರೆದಿಲ್ಲ.

ಕೇಳಿದರೆ ‘ವರ್ಕ್ ಟ್ರಯಾಂಗಲ್’ ಅಂತಾರೆ. ಒಲೆ, ಸಿಂಕ್, ಫ್ರಿಜ್ ನಡುವೆ ಒಂದೊಂದು ಬದಿಗೆ ನಾಲ್ಕರಿಂದ ಒಂಬತ್ತು ಅಡಿ. 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಲೆಕ್ಕ. ನಮ್ಮ ಎಂಟಡಿ ಕೋಣೆಯಲ್ಲಿ ಎರಡು ಹೆಜ್ಜೆಗೆ ಮೂರೂ ಸಿಗುತ್ತೆ, ಸ್ವಾಮಿ!

ಸರಿ, ಸರಿಸಿದಿರಿ ಅಂತಿಟ್ಕೊಳ್ಳಿ. ಎರಡಿಂಚಿನ ಪೈಪಿಗೆ ಅಡಿಗೆ ಕಾಲಿಂಚು ವಾಟ, ಅಂದರೆ ಇಳಿಜಾರು, ಬೇಕು. ಏಳಡಿಗೆ ಒಂದೂಮುಕ್ಕಾಲು ಇಂಚು. ಗೋಡೆಯಲ್ಲಿ ನೀರು ಆಚೆ ಹೋಗೋ ಹಳೇ ತೂತು ಇದ್ದಲ್ಲೇ ಇರುತ್ತೆ. ಹೊಸ ಸಿಂಕ್ ಹತ್ತಿಂಚು ಆಳ, ಅದರಡಿ ಪೈಪಿನ ವಾಸನೆ ತಡೆಯೋ ಬಾಟಲ್ ಟ್ರ್ಯಾಪ್. ಜಾಗ ಸಾಲದಿದ್ದರೆ ಪ್ಲಂಬರ್ ಕತ್ತರಿಸೋದು ವಾಟವನ್ನೇ. ಮಟ್ಟಸ ಪೈಪಲ್ಲಿ ಗಂಜಿ, ಜಿಡ್ಡು ನಿಲ್ಲುತ್ತೆ. ತೆಂಗಿನೆಣ್ಣೆ 24 ಡಿಗ್ರಿ ಆಸುಪಾಸಲ್ಲೇ ಹೆಪ್ಪುಗಟ್ಟುತ್ತೆ. ಬೆಂಗಳೂರಿನ ಡಿಸೆಂಬರ್ ಬೆಳಗ್ಗೆ ಆ ಪೈಪಿನೊಳಗೆ ಏನಿರುತ್ತೆ ಅಂತ ನೀವೇ ಊಹಿಸಿ.

ಪೈಪನ್ನು ಗೋಡೆಯಲ್ಲಿ ಹೂತರೆ? ನಾಲ್ಕೂವರೆ ಇಂಚಿನ ಗೋಡೆಗೆ ಎರಡೂವರೆ ಇಂಚು ಆಳದ ಅಡ್ಡ ತೋಡು ಕೊರೆದರೆ ಗೋಡೆ ಅಂತ ಉಳಿಯೋದೆಷ್ಟು? ಡ್ರಾಯರ್ ಹಿಂದೆ ಬಿಟ್ಟರೆ ಕ್ಲ್ಯಾಂಪ್ ಸೇರಿ ಮೂರಿಂಚು ಹೋಯಿತು. ಇಪ್ಪತ್ತಿಂಚಿನ ಡ್ರಾಯರ್ ಹದಿನೇಳಾಗುತ್ತೆ. ಮೊದಲ ಮಹಡಿಯ ಆರ್‌ಸಿಸಿ ನೆಲ ಕೊರೆಯೋ ಮಾತು ಎತ್ತಲೇಬೇಡಿ.

‘ನೆಲಮಹಡಿ ಆದರೆ ಅಗೆಯಬಹುದಲ್ಲ?’ ಅಗೆಯಬಹುದು, ಕಿಟಕಿಯಾಚೆ ಚರಂಡಿಯ ಚೇಂಬರ್ ಇದ್ದರೆ. ಹಳೇ ಸೈಟುಗಳಲ್ಲಿ ಕಿಟಕಿಯಾಚೆ ಸಿಗೋದು ಒಂದಡಿ ಸಂದು, ಆಮೇಲೆ ಪಕ್ಕದ ಮನೆ ಗೋಡೆ. ಕಿಟಕಿ ಎದುರು ಪಾತ್ರೆ ತೊಳೆಯೋ ಆಸೆ ನನಗೂ ಇದೆ, ಒಪ್ಪಿಕೊಳ್ತೀನಿ. ಆಸೆಗೆ ವಾಟ ಬೇಕಿಲ್ಲ, ನೀರಿಗೆ ಬೇಕು.

ಏನಾದರೂ ಸರಿಸಲೇಬೇಕು ಅಂದರೆ ಒಲೆ ಸರಿಸಿ. ಅನಿಲಕ್ಕೆ ವಾಟದ ಹಂಗಿಲ್ಲ. ಸುರಕ್ಷಾ ಟ್ಯೂಬ್ ಒಂದೂವರೆ ಮೀಟರ್ ಒಳಗಿರಲಿ, ಗೋಡೆ ತೂರಿಸಬೇಡಿ. ಅದಕ್ಕಿಂತ ದೂರ ಹೋದರೆ ಗ್ಯಾಸ್ ಏಜೆನ್ಸಿಯವರಿಂದಲೇ ತಾಮ್ರದ ಲೈನ್ ಹಾಕಿಸಿ. ಸಿಲಿಂಡರ್ ಇಡೋ ಗೂಡಿನ ಬಾಗಿಲಿಗೆ ಕೆಳಭಾಗದಲ್ಲಿ ತೂತುಗಳಿರಲಿ, ಎಲ್‌ಪಿಜಿ ಗಾಳಿಗಿಂತ ಭಾರ. ಚಿಮಣಿಗೆ ಆರಿಂಚಿನ ಡಕ್ಟ್, ಹತ್ತಿರದ ಹೊರಗೋಡೆಗೆ ನೇರ. ಒಂದೊಂದು ತಿರುವಿಗೂ ಎಳೆಯೋ ಶಕ್ತಿ ಕುಗ್ಗುತ್ತೆ.

ಇನ್ನು ಕಟ್ಟೆಯ ಕೆಳಗೆ ನಿಲ್ಲಿಸಿದ ಕಡಪ ಹಲಗೆಗಳು. ಅವೇ ಭಾರ ಹೊತ್ತಿರೋದು, ‘ಅಡ್ಡ ಬರ್ತಿದೆ’ ಅಂತ ಒಡೆಯಬೇಡಿ. ಅವುಗಳ ನಡುವಿನ ಅಗಲ ಮೇಲೆ, ಮಧ್ಯೆ, ಕೆಳಗೆ ಮೂರೂ ಕಡೆ ಅಳೆಯಿರಿ. ಮೂರೂ ಒಂದೇ ಬಂದರೆ ನಿಮ್ಮ ಅದೃಷ್ಟ. ಅತಿ ಕಡಿಮೆ ಅಳತೆಗಿಂತ ಅರ್ಧ ಇಂಚು ಕಮ್ಮಿ ಅಗಲದ ಕ್ಯಾಬಿನೆಟ್ ಪೆಟ್ಟಿಗೆ ಮಾಡಿಸಿ. ಸಿಂಕ್ ಕೆಳಗಿನದ್ದಕ್ಕೆ ಐಎಸ್ 710 ನಂಬರಿನ ಬಿಡಬ್ಲ್ಯುಪಿ, ಅಂದರೆ ಕುದಿನೀರಿಗೂ ಬಗ್ಗದ, ಪ್ಲೈವುಡ್ ಮಾತ್ರ.

ಪೆಟ್ಟಿಗೆ ಕೂರಿಸೋ ಮುಂಚೆ ಸಿಂಕಿಗೆ ಬೂಚು ಹಾಕಿ, ಅಂಚಿನವರೆಗೂ ತುಂಬಿಸಿ, ಒಮ್ಮೆಲೇ ಬಿಡಿ. ಪ್ರತಿ ಜಾಯಿಂಟಿನಡಿ ಒಣ ಪೇಪರ್ ಹಾಸಿರಿ. ಪೇಪರ್ ಒದ್ದೆಯಾಯಿತೋ, ಪ್ಲಂಬರ್ ಇನ್ನೂ ಗೇಟು ದಾಟಿರಬಾರದು.