ತುಳಸಿಗೆ ಚೊಂಬು, ಕರಿಬೇವಿಗೆ ಮಜ್ಜಿಗೆ

ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು ಹಾಕಿದರೆ ಸಾಯೋ ಗಿಡ ಎದ್ದು ಕೂರುತ್ತದಂತೆ. ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕಿದರೆ ಗುಲಾಬಿ ಗೊಂಚಲು ಗೊಂಚಲಾಗಿ ಬಿಡುತ್ತದಂತೆ. ರೀಲ್ಸ್ ತೆರೆದರೆ ಸಾಕು, ದಿನಕ್ಕೊಂದು ಮದ್ದು. ನಾನೇನೂ ಅಡುಗೆಮನೆ ಮದ್ದಿನ ವಿರೋಧಿಯಲ್ಲ. ನಮ್ಮ ಮನೆಯಲ್ಲಿ ಅಕ್ಕಿ ತೊಳೆದ ನೀರು ಸಿಂಕಿಗೆ ಹೋಗುವುದೇ ಅಪರೂಪ. ನನ್ನ ತಕರಾರು ಒಂದೇ. ಗಿಡಕ್ಕೆ ಏನಾಗಿದೆ ಅಂತ ನೋಡುವ ಮೊದಲೇ ನಾವು ಮದ್ದು ಅರೆಯಲು ಕೂರುತ್ತೇವೆ.

ಕುಂಡದ ಗಿಡ ಬಾಡಿದರೆ ಗೊಬ್ಬರ ಸಾಲದು ಅಂತಲೇ ಎಲ್ಲರ ಲೆಕ್ಕ. ಹೆಚ್ಚಿನ ಸಲ ವಿಷಯ ಅದಲ್ಲ, ನೀರು. ಅದೂ ಕಮ್ಮಿಯಾಗಿ ಅಲ್ಲ, ಜಾಸ್ತಿಯಾಗಿ. ಬೇರಿಗೂ ಗಾಳಿ ಬೇಕು. ಮಣ್ಣು ಸದಾ ಒದ್ದೆಯಾಗಿದ್ದರೆ ಗಾಳಿ ಆಡುವುದಿಲ್ಲ, ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರುವುದಿಲ್ಲ. ಆಗ ಗಿಡ ನೀರಿಲ್ಲದ ಗಿಡದ ಹಾಗೆಯೇ ಬಾಡುತ್ತದೆ. ಅದನ್ನು ನೋಡಿ ನಾವು ಇನ್ನೊಂದು ಚೊಂಬು ಸುರಿಯುತ್ತೇವೆ.

ತುಳಸಿ ಸಾಯುವುದು ಹೀಗೇ. ಸ್ನಾನ ಮಾಡಿದವರೆಲ್ಲ ಒಂದೊಂದು ಚೊಂಬು ನೀರು ಹಾಕುತ್ತಾರೆ. ಹೊರಗೆ ಧೋ ಅಂತ ಮಳೆ ಸುರಿಯುತ್ತಿದ್ದರೂ ಸರಿ! ಜೊತೆಗೆ ಅರಿಶಿನ, ಕುಂಕುಮ, ಅಕ್ಷತೆ, ಹಬ್ಬದ ದಿನ ಹಾಲು, ದೀಪದಿಂದ ತೊಟ್ಟಿಕ್ಕಿದ ಎಣ್ಣೆ. ಕೊನೆಗೆ ಗಿಡ ಒಣಗಿದಾಗ ಮನೆಗೆ ಏನೋ ಕೇಡು ಅಂತ ಹೆದರಿಕೆ. ಕೇಡೂ ಅಲ್ಲ, ಕಣ್ಣುದೃಷ್ಟಿಯೂ ಅಲ್ಲ. ಪೂಜೆ ನಿಲ್ಲಿಸಿ ಅಂತ ಹೇಳುತ್ತಿಲ್ಲ. ಕುಂಕುಮ ಕಟ್ಟೆಗೆ ಹಚ್ಚಿ. ಮಣ್ಣು ಒದ್ದೆ ಇದ್ದ ದಿನ ಒಂದು ಉದ್ಧರಣೆ ನೀರು ಸಾಕು, ತಾಯಿ ಬೇಜಾರು ಮಾಡಿಕೊಳ್ಳುವುದಿಲ್ಲ. ಹೂವಿನ ತೆನೆ ಬಂದ ಹಾಗೆ ಚಿವುಟುತ್ತಾ ಇರಿ. ಬೀಜ ಕಟ್ಟಲು ಬಿಟ್ಟರೆ ಗಿಡದ ಶಕ್ತಿಯೆಲ್ಲ ಅಲ್ಲಿಗೇ ಹೋಗುತ್ತದೆ. ಡಿಸೆಂಬರ್, ಜನವರಿ ಚಳಿಗೆ ಎಲೆ ಉದುರಿದರೆ ಗಾಬರಿ ಬೇಡ.

ಬೇರು ಕೊಳೆತ ಗಿಡಕ್ಕೆ ಸಿಪ್ಪೆ ನೀರು ಹಾಕುವುದು ಜ್ವರ ಬಂದವನಿಗೆ ಒಬ್ಬಟ್ಟು ತಿನ್ನಿಸಿದ ಹಾಗೆ. ಮೊದಲು ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ. ಕುಂಡದ ತಳದ ತೂತು ಕಟ್ಟಿದೆಯಾ ನೋಡಿ. ಮದ್ದಿನ ಮಾತು ಆಮೇಲೆ.

ಹಾಗಾದರೆ ಅಜ್ಜಿಯರ ಮದ್ದೆಲ್ಲ ಸುಳ್ಳಾ? ಖಂಡಿತ ಅಲ್ಲ. ನನಗೆ ಬಹಳ ಇಷ್ಟವಾದದ್ದು ಕರಿಬೇವಿಗೆ ಹುಳಿ ಮಜ್ಜಿಗೆ. ಬೋರ್‌ವೆಲ್ ನೀರಿನ ಏರಿಯಾದಲ್ಲಿ ಇರುವವರು ಗಮನಿಸಿರುತ್ತೀರಿ, ಕರಿಬೇವಿನ ಹೊಸ ಚಿಗುರು ಹಳದಿ ಬರುತ್ತದೆ, ನರ ಮಾತ್ರ ಹಸಿರು. ಅದು ಕಬ್ಬಿಣ ಸಿಗದ ಗುರುತು. ಕೆಲವರು ತುಕ್ಕು ಹಿಡಿದ ಮೊಳೆ ಹೂಳುತ್ತಾರೆ. ಆದರೆ ನಮ್ಮ ಕೆಂಪು ಮಣ್ಣು ಕೆಂಪಾಗಿರುವುದೇ ಕಬ್ಬಿಣದ ತುಕ್ಕಿನಿಂದ! ಕುಂಡದ ತುಂಬ ಕಬ್ಬಿಣ ಇದೆ, ಬೇರಿಗೆ ಸಿಗುತ್ತಿಲ್ಲ ಅಷ್ಟೆ. ಗಡಸು ನೀರು ಹಾಕಿ ಹಾಕಿ ಮಣ್ಣು ಕ್ಷಾರವಾಗಿರುತ್ತದೆ. ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಸಾಕ್ಷಿ. ಕ್ಷಾರ ಮಣ್ಣಿನಲ್ಲಿ ಕಬ್ಬಿಣ ಕರಗುವುದಿಲ್ಲ. ಮಜ್ಜಿಗೆಯ ಹುಳಿ ಬೇರಿನ ಸುತ್ತ ಸ್ವಲ್ಪ ಹೊತ್ತಾದರೂ ಆ ಕ್ಷಾರ ತಗ್ಗಿಸುತ್ತದೆ. ಬೆಣ್ಣೆ ತೆಗೆದ, ಉಪ್ಪು ಹಾಕದ ಮಜ್ಜಿಗೆ, ಚೆನ್ನಾಗಿ ನೀರು ಬೆರೆಸಿ, ಹದಿನೈದು ದಿನಕ್ಕೊಮ್ಮೆ. ಮಳೆನೀರು ಹಿಡಿದಿಟ್ಟು ಹಾಕಿದರೆ ಇನ್ನೂ ಒಳ್ಳೆಯದು. ಇಂಥ ಗಿಡಕ್ಕೆ ಒಲೆ ಬೂದಿ ಹಾಕಬೇಡಿ, ಅದೂ ಕ್ಷಾರವೇ. ಮೊಟ್ಟೆ ಚಿಪ್ಪಂತೂ ಬರೀ ಸುಣ್ಣ. ಗಡಸು ನೀರಿನಲ್ಲಿ ಮೊದಲೇ ಸುಣ್ಣ ತುಂಬಿರುತ್ತದೆ, ಮೇಲೆ ಇನ್ನಷ್ಟು ಯಾಕೆ?

ಹಳದಿ ಎಲೆಯಲ್ಲೂ ವ್ಯತ್ಯಾಸ ಇದೆ. ಕೆಳಗಿನ ಹಳೇ ಎಲೆಗಳು ಪೂರ್ತಿ ಹಳದಿಯಾದರೆ ಒಂದೋ ನೀರು ಜಾಸ್ತಿ, ಇಲ್ಲವೇ ಸಾರಜನಕ ಕಮ್ಮಿ. ಸಾರಜನಕವೇ ಕಮ್ಮಿ ಅಂತಾದರೆ ಬಾಳೆ ಸಿಪ್ಪೆ ಏನೂ ಮಾಡುವುದಿಲ್ಲ. ಅದರಲ್ಲಿರುವುದು ಮುಖ್ಯವಾಗಿ ಪೊಟ್ಯಾಶ್. ಅಂಥ ಗಿಡಕ್ಕೆ ಗಾಣದಿಂದ ಒಂದಿಷ್ಟು ಕಡಲೆಕಾಯಿ ಹಿಂಡಿ ತಂದು ನೆನೆಸಿ, ಚಹಾ ಬಣ್ಣ ಬರುವಷ್ಟು ತೆಳು ಮಾಡಿ ಹಾಕಿ. ವಾಸನೆ ಬರುತ್ತದೆ, ಪಕ್ಕದ ಮನೆಯವರಿಗೆ ಮೊದಲೇ ಹೇಳಿಬಿಡಿ.

ಅಕ್ಕಿ ತೊಳೆದ ನೀರು ಒಳ್ಳೆಯದೇ, ಆದರೆ ಅದು ಮದ್ದಲ್ಲ. ಸುಮ್ನೆ ಹರಿದು ಹೋಗುವ ನೀರು, ಚೂರು ಸತ್ವ ಇರುತ್ತದೆ, ಅಷ್ಟೆ. ಅವತ್ತಿನದನ್ನು ಅವತ್ತೇ ಹಾಕಿ. ಚಹಾ ಚರಟ ಹಾಕುವುದಾದರೆ ಹಾಲು, ಸಕ್ಕರೆ ಹೋಗುವ ಹಾಗೆ ತೊಳೆಯಿರಿ, ಇಲ್ಲದಿದ್ದರೆ ಇರುವೆಗಳ ಮೆರವಣಿಗೆ. ಫಿಲ್ಟರ್ ಕಾಫಿ ಚರಟ ದಪ್ಪಗೆ ಹರಡಿದರೆ ಒಣಗಿ ಹೆಪ್ಪುಗಟ್ಟಿ ನೀರೇ ಇಳಿಯುವುದಿಲ್ಲ. ಉಪ್ಪು ಬಿದ್ದ ಸಾರು, ಪಲ್ಯ, ಬೇಳೆ ಕಟ್ಟು ಯಾವ ಕುಂಡಕ್ಕೂ ಬೇಡ.

ದಾಸವಾಳಕ್ಕೆ ಹತ್ತಿಯ ಹಾಗೆ ಬಿಳಿ ಹಿಟ್ಟು ತಿಗಣೆ ಮೆತ್ತಿದೆಯಾ? ಅದಕ್ಕೆ ಅಂಟುವಾಳ ಕಾಯಿ. ರಾತ್ರಿ ನೆನೆಸಿ, ಕಿವುಚಿ, ಸೋಸಿ, ಒಂದೆರಡು ಹನಿ ಬೇವಿನ ಎಣ್ಣೆ ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ. ಬಿಸಿಲಲ್ಲಿ ಬೇಡ, ಎಲೆ ಸುಡುತ್ತದೆ. ಎಲೆಯ ಅಡಿಭಾಗ ಬಿಡಬೇಡಿ, ಅವು ಅಡಗಿರುವುದೇ ಅಲ್ಲಿ. ಇರುವೆ ಕಂಡರೆ ಅದನ್ನೂ ಓಡಿಸಿ. ತಿಗಣೆ ಬಿಡುವ ಸಿಹಿ ರಸಕ್ಕಾಗಿ ಅದನ್ನು ಕಾಯುವುದು, ಗಿಡದಿಂದ ಗಿಡಕ್ಕೆ ಹೊತ್ತು ಒಯ್ಯುವುದು ಇರುವೆಯೇ.

ಇನ್ನು ಉಳಿದ ಸಿಪ್ಪೆ. ಹಸಿ ಸಿಪ್ಪೆಯನ್ನು ಕುಂಡದಲ್ಲಿ ಹೂತರೆ ಬೇರಿನ ಪಕ್ಕದಲ್ಲೇ ಕೊಳೆಯುತ್ತದೆ, ಸಣ್ಣ ಕಪ್ಪು ನೊಣ ಮುತ್ತುತ್ತವೆ. ಸಿಪ್ಪೆಯಲ್ಲಿರುವ ಬಹಳಷ್ಟನ್ನು ಸೂಕ್ಷ್ಮಜೀವಿಗಳು ಒಡೆದು ಕೊಟ್ಟ ಮೇಲೆಯೇ ಬೇರಿಗೆ ಸಿಗುವುದು. ಆ ಕೆಲಸ ಬೇರೆ ಕಡೆ ಆಗಲಿ. ತೂತು ಮಾಡಿದ ಹಳೇ ಮಡಕೆ ಸಾಕು. ಒಂದು ಪದರ ಸಿಪ್ಪೆ, ಅದರ ಮೇಲೆ ಒಣ ಎಲೆ ಅಥವಾ ಕೊಕೊಪಿಟ್ (ತೆಂಗಿನ ನಾರಿನ ಪುಡಿ), ನಡುನಡುವೆ ಒಂದು ಹಿಡಿ ಮಣ್ಣು. ವಾಸನೆ ಬಂದರೆ ಒದ್ದೆ ಜಾಸ್ತಿಯಾಗಿದೆ ಅಂತ, ಇನ್ನಷ್ಟು ಒಣ ಎಲೆ ಹಾಕಿ. ಎರಡು ಮೂರು ತಿಂಗಳಲ್ಲಿ ಕಪ್ಪಗೆ ಪುಡಿಪುಡಿ ಆಗುತ್ತದೆ. ತಿಂಗಳಿಗೆ ಕುಂಡಕ್ಕೆ ಎರಡು ಹಿಡಿ ಕೊಟ್ಟರೆ ರೀಲ್ಸ್‌ನ ಎಲ್ಲ ನೀರಿಗಿಂತ ಮೇಲು. ಸ್ನೇಕ್ ಪ್ಲಾಂಟ್ ಇಟ್ಟುಕೊಂಡವರು ಮಾತ್ರ ದಯವಿಟ್ಟು ಅದಕ್ಕೆ ಇದ್ಯಾವುದನ್ನೂ ಹಾಕಬೇಡಿ. ಅದನ್ನು ಅದರ ಪಾಡಿಗೆ ಬಿಡಿ.