ಪ್ರದರ್ಶನಕ್ಕೆ ಕೊಡುವ ದುಡ್ಡು ಕಲಿಕೆಗೂ ಕೊಡೋಣ

ಜರ್ಮನಿಯಲ್ಲಿ ನಾವು ಕನ್ನಡದವರು ಊರಿನ ಕಲಾವಿದರನ್ನು ಕರೆಸುವ ರೀತಿ ಹೀಗೆ: ರಾಜ್ಯೋತ್ಸವಕ್ಕೋ ಯುಗಾದಿಗೋ ಒಂದು ಕಾರ್ಯಕ್ರಮ, ವಿಮಾನದ ಟಿಕೆಟ್, ಯಾರದಾದರೂ ಮನೆಯಲ್ಲಿ ಊಟ-ವಸತಿ, ಕೊನೆಗೆ ಶಾಲು, ಹಾರ, ಫೋಟೊ. ಅದರಲ್ಲಿ ಪ್ರೀತಿ ತುಂಬಾನೇ ಇದೆ. ಆದರೆ ಅದೇ ಕಲಾವಿದೆ "ಇಲ್ಲೇ ಒಂದು ವರ್ಷ ಇದ್ದು ಕಲಿಯಬೇಕು" ಅಂದರೆ ಎಲ್ಲರೂ ಮಾತು ಬದಲಿಸುತ್ತೇವೆ. ಇದು ನನಗೆ ಸರಿ ಕಾಣುವುದಿಲ್ಲ.

ಕಲೆಗೆ ಕೊಡುವ ಕೈ ನಮ್ಮದಲ್ಲ ಅಂತಲ್ಲ. ಕಟೀಲು ಯಕ್ಷಗಾನ ಮೇಳದ ಹರಕೆ ಆಟಕ್ಕೆ ಜನ ವರ್ಷಗಟ್ಟಲೆ ಕಾಯುತ್ತಾರೆ, ಖರ್ಚೆಲ್ಲ ತಾವೇ ಹೊರುತ್ತಾರೆ. ಕೊಟ್ಟಿದ್ದು ಅದೇ ರಾತ್ರಿ ಕಣ್ಣೆದುರು ಕಾಣುತ್ತದೆ. ಕಲಿಕೆ ಹಾಗಲ್ಲ.

ಜರ್ಮನಿಯ ಹೆಸರಾಂತ ನೃತ್ಯ ಸಂಯೋಜಕಿ ಪೀನಾ ಬೌಶ್ ಅವರನ್ನೇ ನೋಡಿ. ಎಸ್ಸೆನ್‌ನ ಫೋಕ್‌ವಾಂಗ್ ಶಾಲೆಯಲ್ಲಿ ನೃತ್ಯ ಕಲಿತು, ಇಪ್ಪತ್ತು ತುಂಬುವ ಮೊದಲೇ ಡಿಎಎಡಿ ಎಂಬ ಜರ್ಮನ್ ಸಂಸ್ಥೆಯ ವಿದ್ಯಾರ್ಥಿವೇತನ ಹಿಡಿದು ನ್ಯೂಯಾರ್ಕಿನ ಜೂಲಿಯಾರ್ಡ್ ಕಲಾಶಾಲೆಗೆ ಹೋದರು. ಒಂದು ವರ್ಷಕ್ಕೆ ಸಿಕ್ಕ ದುಡ್ಡಲ್ಲಿ ಎರಡು ವರ್ಷ ಇರಬೇಕು ಅಂತ ಎಲ್ಲಿಗೂ ನಡೆದೇ ಓಡಾಡುತ್ತಿದ್ದರಂತೆ. ಐಸ್‌ಕ್ರೀಮಿಗೆ ಮಜ್ಜಿಗೆ, ನಿಂಬೆರಸ, ಜಾಸ್ತಿ ಸಕ್ಕರೆ ಬೆರೆಸಿಕೊಂಡರೆ ಎಷ್ಟೋ ಸಲ ಅದೇ ಊಟ. 1962ರಲ್ಲಿ ವಾಪಸ್ ಬಂದರು. ವುಪ್ಪರ್ಟಾಲ್‌ನ ನೃತ್ಯ ತಂಡ ಅವರ ಕೈಗೆ ಬಂದಿದ್ದು 1973ರಲ್ಲಿ. ಮಧ್ಯೆ ಹನ್ನೊಂದು ವರ್ಷ! ಬಂದ ತಕ್ಷಣ "ಏನು ಕಲಿತೆ, ಆಡಿ ತೋರಿಸು" ಅಂತ ಯಾರಾದರೂ ಲೆಕ್ಕ ಕೇಳಿದ್ದರೆ ಏನು ತೋರಿಸಬೇಕಿತ್ತು?

ಈಗ ಹೆಗ್ಗೋಡಿನ ನೀನಾಸಂನಲ್ಲಿ ಕಲಿತ ಹುಡುಗಿಯೊಬ್ಬಳಿಗೆ ಅದೇ ಫೋಕ್‌ವಾಂಗ್‌ನಲ್ಲಿ ಫಿಸಿಕಲ್ ಥಿಯೇಟರ್ (ಮಾತಿಗಿಂತ ಮೈಯ ಚಲನೆಯಲ್ಲೇ ಕಥೆ ಹೇಳುವ ರಂಗಕಲೆ) ಕಲಿಯಲು ಸೀಟು ಸಿಕ್ಕಿತು ಅಂದುಕೊಳ್ಳಿ. ಅವಳನ್ನು ತಡೆಯುವುದು ಹೆಚ್ಚಾಗಿ ಫೀಸಲ್ಲ, ವೀಸಾ. ವರ್ಷದ ಖರ್ಚಿಗೆ 11,904 ಯೂರೊ, ಅಂದರೆ ತಿಂಗಳಿಗೆ 992, ಮೊದಲೇ ಬ್ಯಾಂಕಿನಲ್ಲಿಟ್ಟು ತೋರಿಸಬೇಕು. ಹತ್ತು ಲಕ್ಷ ರೂಪಾಯಿಗೂ ಮೇಲಾಯಿತು. ರಂಗಭೂಮಿಯ ಸಂಬಳದಲ್ಲಿ ಯಾರ ಹತ್ತಿರ ಇರುತ್ತದೆ ಹೇಳಿ? ಇನ್ನೊಂದು ದಾರಿಯೂ ಇದೆ. ಇಲ್ಲಿ ಕೆಲಸದಲ್ಲಿರುವ ನಮ್ಮಂಥವರು ವಿದೇಶಿಯರ ವಾಸದ ಪರವಾನಗಿ ನೋಡಿಕೊಳ್ಳುವ ಸರ್ಕಾರಿ ಕಚೇರಿಗೆ ಸಂಬಳದ ಚೀಟಿ ತೆಗೆದುಕೊಂಡು ಹೋಗಿ "ಇವರ ಖರ್ಚು ನನ್ನದು" ಅಂತ ಬರೆದುಕೊಡಬಹುದು. ಸುಮ್ನೆ ಹಾಕುವ ಸಹಿಯಲ್ಲ ಅದು, ಮುಂದೆ ಅವಳಿಗಾಗಿ ಸರ್ಕಾರ ಖರ್ಚು ಮಾಡಬೇಕಾಗಿ ಬಂದರೆ ನಮ್ಮಿಂದಲೇ ವಸೂಲಿ ಮಾಡುತ್ತಾರೆ. ಆದ್ದರಿಂದಲೇ ಒಬ್ಬರ ತಲೆ ಮೇಲೆ ಹೊರಿಸಬಾರದು ಅನ್ನುತ್ತೇನೆ.

ಇಲ್ಲಿನ ಜನರ ಅಭ್ಯಾಸ ಈ ವಿಷಯದಲ್ಲಿ ನನಗೆ ಇಷ್ಟ. ಊರಿನ ನಾಟಕಶಾಲೆಗೋ ಸಂಗೀತಶಾಲೆಗೋ ಒಂದು ಬೆಂಬಲಿಗರ ಸಂಘ ಕಟ್ಟುತ್ತಾರೆ. ಬ್ಯಾಂಕಿನಿಂದ ತಾನಾಗಿಯೇ ಸಣ್ಣ ಮೊತ್ತ ಹೋಗುತ್ತಿರುತ್ತದೆ, ತೆರಿಗೆಯಲ್ಲೂ ವಿನಾಯಿತಿ ಸಿಗುತ್ತದೆ. ವೇದಿಕೆಗೆ ಕರೆದು ಹೆಸರು ಹೇಳಲಿ ಅಂತ ಯಾರೂ ಕಾಯುವುದಿಲ್ಲ.

ನಮಗೂ ಇದು ಕಷ್ಟವಲ್ಲ ಅಲ್ವಾ? ಇಪ್ಪತ್ತು ಮನೆಯವರು ತಿಂಗಳಿಗೆ ಐವತ್ತು ಯೂರೊ ಹಾಕಿದರೆ ಸಾವಿರ ಆಯಿತು, ಒಬ್ಬಳ ತಿಂಗಳು ಕಳೆಯುತ್ತದೆ. ಷರತ್ತು ಒಂದೇ ಇರಲಿ: ಆ ವರ್ಷ ನಮ್ಮ ಯಾವ ಹಬ್ಬಕ್ಕೂ ಕಾರ್ಯಕ್ರಮ ಕೊಡು ಅಂತ ಅವಳನ್ನು ಕೇಳಬಾರದು.